ಪೇಟೆ ಬಿದ್ದಾಗ ದಲ್ಲಾಳಿ ಯಾರ ಪರ?

ಕುಂಬಳೆಯಿಂದ ಬದಿಯಡ್ಕದ ಕಡೆಗೆ ಬಸ್ಸಿನಲ್ಲಿ ಹೋಗುವವರು ಒಮ್ಮೆ ಕಿಟಕಿಯಿಂದ ಹೊರಗೆ ನೋಡಿ. ತೆಂಗಿನ ಮರಕ್ಕೆ, ಗೇಟಿಗೆ, ಹಳೆಯ ಕಂಪೌಂಡಿನ ಗೋಡೆಗೆ 'ಮನೆ ಮತ್ತು ಸ್ಥಳ ಮಾರಾಟಕ್ಕಿದೆ' ಅಂತ ಬೋರ್ಡು. ಹೆಚ್ಚಿನವು ಮಲಯಾಳದಲ್ಲಿ. ಕೆಳಗಿರುವ ಮೊಬೈಲ್ ನಂಬರು ಎಷ್ಟೋ ಸಲ ಮನೆಯವರದ್ದಲ್ಲ, ದಲ್ಲಾಳಿಯದ್ದು. ಕೆಲವು ಬೋರ್ಡುಗಳು ಎರಡು ಮಳೆಗಾಲ ಕಂಡು ಬಣ್ಣ ಮಾಸಿವೆ. ಮಕ್ಕಳು ಬೆಂಗಳೂರು, ಮಂಗಳೂರು ಸೇರಿದ ಮೇಲೆ ಹಿರಿಯರು ಮಾರಲು ಹೊರಟ ಕನ್ನಡ ಮನೆಗಳೂ ಇವುಗಳಲ್ಲಿ ಉಂಟು. ಒಂದು ಮನೆ ಹೋದರೆ ನಮ್ಮ ಶಾಲೆಗೆ ಬರುವ ಒಂದೆರಡು ಮಕ್ಕಳೂ ಹೋದ ಹಾಗೆ. ಆದ್ದರಿಂದ ಈ ದಲ್ಲಾಳಿಯ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡುವ ಅನಿಸಿತು.

ಕಾಸರಗೋಡು 1956ರ ನವೆಂಬರ್ 1ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತಷ್ಟೆ. ಆಗಿನ ಕಾಲದಲ್ಲಿ ಜನ ಮಾರುತ್ತಿದ್ದುದು ಗದ್ದೆ, ತೋಟ, ಅದರ ಹಕ್ಕು. ಮನೆ ಅದರೊಳಗೆ ಸೇರಿಕೊಂಡೇ ಇರುತ್ತಿತ್ತು. ಊರಿನ ಪಟೇಲರಿಗೂ ಶಾನುಭೋಗರಿಗೂ ಗೊತ್ತಿಲ್ಲದ ಜಾಗವೇ ಇರಲಿಲ್ಲ. ಇನ್ನು ದಲ್ಲಾಳಿ ಯಾಕೆ? 1929ರ ನಂತರದ ಮಹಾ ಕುಸಿತದಲ್ಲಿ ಬೆಳೆಗಳ ಬೆಲೆ ಬಿದ್ದಾಗ ಜಾಗ ಹೋದದ್ದು ಹೆಚ್ಚಾಗಿ ಸಾಲ ಕೊಟ್ಟವನ ಕೈಗೇ. ಅದಕ್ಕೆ ಪೇಟೆ ಅನ್ನಲಿಕ್ಕೂ ಆಗದು. ಮದ್ರಾಸ್ ಸರಕಾರ 1938ರಲ್ಲಿ ಕೃಷಿಕರ ಸಾಲ ಪರಿಹಾರದ ಕಾನೂನು ತಂದದ್ದು ಇದೇ ಕಷ್ಟಕ್ಕೆ.

ಚಿತ್ರ ಬದಲಾದದ್ದು ಎರಡು ಘಟನೆಗಳಿಂದ. ಮೊದಲನೆಯದು ಕೇರಳದ ಭೂಸುಧಾರಣೆ. 1970ರ ಜನವರಿ 1ರಿಂದ ಒಕ್ಕಲಿನ ಭೂಮಿ ಒಕ್ಕಲಿಗೆ ಹೋಯಿತು. ಪಂಚಾಯತಿನೊಳಗಿನ ಗುಡಿಸಲಿನವನಿಗೂ 10 ಸೆಂಟ್ಸ್ ವರೆಗೆ ಕೊಂಡುಕೊಳ್ಳುವ ಹಕ್ಕು ಬಂತು. ಅನೇಕ ಹಳೆಯ ಕುಟುಂಬಗಳಿಗೆ ಉಳಿದದ್ದು ಮನೆ ಮತ್ತು ಅದರ ಸುತ್ತಿನ ಹಿತ್ತಿಲು ಮಾತ್ರ. ಎರಡನೆಯದು ಗಲ್ಫ್. 1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಅಲ್ಲಿ ದುಡಿಯಲು ಹೋದವರ ಹಣ ಊರಿಗೆ ಬರತೊಡಗಿತು. ಕೊಳ್ಳುವವ ದುಬೈಯಲ್ಲಿ, ಮಾರುವವ ಇಲ್ಲಿ. ನಡುವೆ ಓಡಾಡಲಿಕ್ಕೆ ಒಬ್ಬ ಬೇಕಾಯಿತು. ಅವನೇ ನಮ್ಮ ದಲ್ಲಾಳಿ!

ಅಂದಿನಿಂದ ನಮ್ಮ ಮನೆ ಬೆಲೆಗೂ ಸಮುದ್ರದಾಚೆಯ ಸುದ್ದಿಗೂ ಗಂಟು ಬಿತ್ತು. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ಸುಮಾರು 1,70,000 ಭಾರತೀಯರನ್ನು ವಿಮಾನದಲ್ಲಿ ಕರೆತರಬೇಕಾಯಿತು. 2008ರಲ್ಲಿ ಅಮೆರಿಕದ ಲೀಮನ್ ಬ್ರದರ್ಸ್ ಮುಳುಗಿ, 2009ರ ನವೆಂಬರಿನಲ್ಲಿ ದುಬೈ ವರ್ಲ್ಡ್ ಸಾಲ ತೀರಿಸಲು ಸಮಯ ಕೇಳಿತು. 2016ರ ನವೆಂಬರ್ 8ರ ನೋಟು ರದ್ದತಿ ಬಂದಾಗಲಂತೂ ಅರ್ಧ ಚೆಕ್ಕು, ಅರ್ಧ ಚೀಲ ಎಂಬ ವ್ಯಾಪಾರದ ಚೀಲದ ಭಾಗ ಒಂದೇ ರಾತ್ರಿ ಬಿದ್ದುಹೋಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪೇಟೆ ಏರುವಾಗಿನ ದಲ್ಲಾಳಿ ಬೇರೆ, ಇಳಿಯುವಾಗಿನ ದಲ್ಲಾಳಿ ಬೇರೆ. ಮನುಷ್ಯ ಒಬ್ಬನೇ, ಲೆಕ್ಕ ಬೇರೆ. ಏರುವಾಗ ಅವನು ಅಡ್ವಾನ್ಸ್ ಕೊಟ್ಟು ತನ್ನ ಹೆಸರಿಗೋ ಮಿತ್ರನ ಹೆಸರಿಗೋ ಕರಾರು ಬರೆಸಿ, ರಿಜಿಸ್ಟ್ರಿಗೆ ಮೊದಲೇ ಹೆಚ್ಚು ಬೆಲೆಗೆ ಇನ್ನೊಬ್ಬನಿಗೆ ದಾಟಿಸುವುದುಂಟು. ಇಳಿಯುವಾಗ ಆ ಆಟ ನಡೆಯುವುದಿಲ್ಲ, ಕಮಿಷನ್ ಒಂದೇ ಗತಿ. 40 ಲಕ್ಷದ ಮನೆಗೆ ಶೇಕಡಾ 2ರಂತೆ 80,000 ರೂಪಾಯಿ. ಅದೇ ಮನೆ 36 ಲಕ್ಷಕ್ಕೆ ಹೋದರೆ 72,000. ನಿಮಗೆ ನಷ್ಟ ನಾಲ್ಕು ಲಕ್ಷ, ಅವನಿಗೆ ಎಂಟು ಸಾವಿರ! ಆರು ತಿಂಗಳು ಪೆಟ್ರೋಲು ಸುಡುವುದಕ್ಕಿಂತ ಎಂಟು ಸಾವಿರ ಬಿಡುವುದು ಅವನಿಗೆ ಲಾಭ. "ಈಗ ಪಾರ್ಟಿಯೇ ಇಲ್ಲ ಮಾಷ್ಟ್ರೇ, ಬಂದದ್ದಕ್ಕೆ ಕೊಟ್ಟುಬಿಡಿ" ಎಂಬ ಉಪದೇಶ ಹುಟ್ಟುವುದು ಇಲ್ಲಿಂದ. ಅವನು ಕೆಟ್ಟವನೆಂದಲ್ಲ. ಪೇಟೆ ನಿಜವಾಗಿಯೂ ಬಿದ್ದಿರಬಹುದು. ಆದರೆ ಆ ಮಾತನ್ನು ತೂಗುವಾಗ ಈ ಲೆಕ್ಕವೂ ತಕ್ಕಡಿಯಲ್ಲಿ ಇರಬೇಕು.

ಬೆಲೆ ಇಳಿಸಲು ಇನ್ನೊಂದು ಅಸ್ತ್ರ ನಮ್ಮ ಭಾಷೆಯೇ. 1956ಕ್ಕೆ ಹಿಂದಿನ ಆಧಾರಗಳು ಸಾಮಾನ್ಯವಾಗಿ ಕನ್ನಡದಲ್ಲಿ, ಅದೂ ಒಂದಕ್ಕೊಂದು ಕೂಡಿಸಿದ ಕೈಬರಹದಲ್ಲಿ. "ಇದನ್ನು ಬ್ಯಾಂಕಿನ ವಕೀಲರು ಓದುವುದಿಲ್ಲ, ಒಂದು ಲಕ್ಷ ಕಮ್ಮಿ ಮಾಡಿ" ಅಂತ ನಮ್ಮ ನೆರೆಯ ಒಬ್ಬ ಅಜ್ಜನಿಗೆ ಹೇಳಿದ್ದರು. ಆಧಾರವನ್ನು ಮಲಯಾಳಕ್ಕೆ ಅನುವಾದ ಮಾಡಿಸಿ ವಕೀಲರ ಕೈಗೆ ಕೊಟ್ಟಾಗ ಖರ್ಚು ಕೆಲವು ಸಾವಿರದಲ್ಲಿ ಮುಗಿಯಿತು. ಕನ್ನಡ ಆಧಾರ ದೋಷವಲ್ಲ, ಅದನ್ನು ಓದುವವರು ಕಮ್ಮಿಯಾದದ್ದು ಬೇರೆ ಸಂಗತಿ.

ಇದಕ್ಕೆ ಕಾನೂನು ಇಲ್ಲವೇ ಅಂತ ಕೇಳಬಹುದು. 2016ರ ರಿಯಲ್ ಎಸ್ಟೇಟ್ ಕಾನೂನು (ರೇರಾ) ಏಜೆಂಟರು ನೋಂದಣಿ ಮಾಡಿಸಬೇಕು ಎಂದಿದೆ, ನಿಜ. ಆದರೆ ಅದರ 9ನೇ ಕಲಂ ಹೇಳುವುದು ನೋಂದಣಿಯಾದ ಯೋಜನೆಗಳ ಫ್ಲಾಟು, ಸೈಟುಗಳ ಮಾತು. ಅಜ್ಜ ಕಟ್ಟಿಸಿದ ಹೆಂಚಿನ ಮನೆ ಮಾರಿಸುವ ದಲ್ಲಾಳಿ ಅದರ ಹೊರಗೇ ಉಳಿದ. ಅವನಿಗೆ ಅನ್ವಯಿಸುವುದು ಈಗಲೂ ಬ್ರಿಟಿಷರ ಕಾಲದ 1872ರ ಕರಾರು ಕಾನೂನು! ಹಳೆಯದೆಂದು ಮೂಗು ಮುರಿಯಬೇಡಿ. ಬೇರೆ ಒಪ್ಪಂದ ಇಲ್ಲದಿದ್ದರೆ ಕೆಲಸ ಪೂರ್ತಿಯಾಗುವವರೆಗೆ ಏಜೆಂಟನಿಗೆ ಪ್ರತಿಫಲ ಸಲ್ಲಬೇಕಾಗಿಲ್ಲ (219ನೇ ಕಲಂ). ದುರ್ವರ್ತನೆ ಮಾಡಿದ ಭಾಗದ ಕೆಲಸಕ್ಕೆ ಪ್ರತಿಫಲವೇ ಇಲ್ಲ (220). 215ನೇ ಕಲಮಿನ ಉದಾಹರಣೆ ಓದಿದಾಗ ನನಗೆ ನಗು ಬಂತು. ಎಸ್ಟೇಟು ಮಾರಲು ಹೇಳಿದರೆ ಏಜೆಂಟ್ ಮೂರನೆಯವನ ಹೆಸರಿನಲ್ಲಿ ತಾನೇ ಕೊಂಡುಕೊಳ್ಳುತ್ತಾನೆ. ಮುಖ್ಯ ಸಂಗತಿಯನ್ನು ಮೋಸದಿಂದ ಮುಚ್ಚಿಟ್ಟಿದ್ದಾನೆ, ಇಲ್ಲವೇ ತನಗೆ ನಷ್ಟವಾಗಿದೆ ಎಂದು ತೋರಿಸಿದರೆ ಯಜಮಾನ ಆ ಮಾರಾಟವನ್ನು ತಳ್ಳಿಹಾಕಬಹುದು. ನೂರೈವತ್ತು ವರ್ಷ ಕಳೆದರೂ ಉಪಾಯ ಅದೇ!

ಹಾಗಾಗಿ ದಲ್ಲಾಳಿಯೊಡನೆ ಬಾಯಿಮಾತಿನ ವ್ಯವಹಾರ ಬೇಡ. ಕಮಿಷನ್ ಎಷ್ಟು, ಯಾವಾಗ, ಎಷ್ಟು ತಿಂಗಳ ಅವಧಿ, ಕೊಳ್ಳುವವನಿಂದಲೂ ಪಡೆಯುತ್ತಾನೋ ಎಂಬುದನ್ನು ಬರೆಸಿಕೊಳ್ಳಿ. ಕೊಳ್ಳುವವನನ್ನು ಒಮ್ಮೆಯಾದರೂ ಕಣ್ಣಾರೆ ಕಾಣದೆ ಬೆಲೆ ಒಪ್ಪಬೇಡಿ. ಅಡ್ವಾನ್ಸನ್ನು ಬ್ಯಾಂಕಿನ ಮೂಲಕವೇ ತೆಗೆದುಕೊಳ್ಳಿ. 2015ರ ಜೂನ್ 1ರಿಂದ ಸ್ಥಿರ ಆಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ತಪ್ಪು. ಸರಕಾರದ ನ್ಯಾಯಬೆಲೆಯನ್ನೂ ಮೊದಲೇ ನೋಡಿಡಿ. ಕೇರಳದಲ್ಲಿ ಇದು 2010ರಲ್ಲಿ ಜಾರಿಗೆ ಬಂತು. ಪೇಟೆಯ ಜೊತೆ ಇಳಿಯುವ ಜಾತಿಯದ್ದಲ್ಲ ಅದು. 2023ರ ಏಪ್ರಿಲಿನಲ್ಲಿ ಶೇಕಡಾ 20 ಏರಿತು. ಕೊಳ್ಳುವವನ ಸ್ಟ್ಯಾಂಪು ಖರ್ಚು ಏರಿದರೆ ಅವನು ಚೌಕಾಸಿ ಮಾಡುವುದು ನಿಮ್ಮ ಬೆಲೆಯಲ್ಲೇ.

ಕೊನೆಗೆ ಹಳೆಯ ಕಾಗದಗಳ ವಿಚಾರ. 1882ರ ಸ್ವತ್ತು ವರ್ಗಾವಣೆ ಕಾನೂನಿನ 55ನೇ ಕಲಂ ಪ್ರಕಾರ ಪೂರ್ತಿ ಹಣ ಬಂದ ಮೇಲೆ ಆ ಸ್ವತ್ತಿನ ಎಲ್ಲ ಆಧಾರಗಳನ್ನೂ ಕೊಂಡವನಿಗೆ ಕೊಡಬೇಕು. ಮುತ್ತಜ್ಜನ ಕಾಲದ ಕನ್ನಡ ಆಧಾರವೂ ಮನೆಯ ಜೊತೆಗೇ ಹೊರಟುಹೋಗುತ್ತದೆ. ಕೊಡುವ ಮೊದಲು ನಕಲು ತೆಗೆದಿಟ್ಟುಕೊಳ್ಳಿ. ಮರೆತರೂ ದಾರಿಯುಂಟು. ಸ್ಥಿರ ಆಸ್ತಿಯ ನೋಂದಾಯಿತ ಆಧಾರಗಳನ್ನು ಸಬ್ ರಿಜಿಸ್ಟ್ರಾರ್ ಕಚೇರಿಯ 1ನೇ ಪುಸ್ತಕಕ್ಕೆ ಏರಿಸುತ್ತಾರೆ. ಶುಲ್ಕ ಕಟ್ಟಿದರೆ ಅದರ ದೃಢೀಕೃತ ನಕಲನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದು.