ಬರೆದವರ ಕೈಬಿಟ್ಟು ಹೋಗುವ ಟಿಪ್ಪಣಿ: ಪುಣೆಯ ಎರಡು ನಿದರ್ಶನಗಳು

ಟಿಪ್ಪಣಿಯನ್ನು ನಾವು ನೆನಪಿನ ಊರುಗೋಲೆಂದೇ ಕಾಣುತ್ತ ಬಂದಿದ್ದೇವೆ. ಬರೆದುಕೊಂಡವರೇ ಮುಂದೆ ಅದನ್ನು ಓದುತ್ತಾರೆ ಎಂಬ ಎಣಿಕೆ ಇದರ ಹಿಂದಿದೆ. ಪುಣೆಯ ಎರಡು ವಿದ್ವತ್ಸಂಸ್ಥೆಗಳ ಕೆಲಸ ನಿಂತಿರುವುದು ಈ ಎಣಿಕೆಯ ಮೇಲಲ್ಲ. ಅಲ್ಲಿ ಟಿಪ್ಪಣಿ ಬರೆದವರು ಒಬ್ಬರು, ಬಳಸಿದವರು ಇನ್ನೊಬ್ಬರು. ಇಬ್ಬರ ನಡುವೆ ಹಲವೊಮ್ಮೆ ದಶಕಗಳ ಅಂತರ.

ಡೆಕ್ಕನ್ ಕಾಲೇಜಿನಲ್ಲಿ ಎಸ್. ಎಂ. ಕತ್ರೆಯವರ ನೇತೃತ್ವದಲ್ಲಿ 1948ರಲ್ಲಿ ಸಂಸ್ಕೃತದ ಐತಿಹಾಸಿಕ ನಿಘಂಟಿನ ಕೆಲಸ ಮೊದಲಾಯಿತು. ಋಗ್ವೇದದಿಂದ ಹಿಡಿದು ಸುಮಾರು 1,500 ಗ್ರಂಥಗಳ ಪದಗಳು ಚೀಟಿಗಳಿಗೆ ಇಳಿದವು. ಚೀಟಿಗಳ ಒಟ್ಟು ಮೊತ್ತ ಒಂದು ಕೋಟಿಯ ಆಸುಪಾಸು. ಸಂಗ್ರಹಕಾರ್ಯ 1973ರವರೆಗೂ ನಡೆಯಿತು. ಎ. ಎಂ. ಘಾಟಗೆಯವರ ಸಂಪಾದಕತ್ವದಲ್ಲಿ ಮೊದಲ ಭಾಗ ಅಚ್ಚಾದದ್ದು 1976ರಲ್ಲಿ. ಈವರೆಗೆ ಬಂದಿರುವ ಸಂಪುಟಗಳೆಲ್ಲ ಅಕಾರದ ಪದಗಳಿಗೇ ಸಂದಿವೆ. ಹಕಾರದ ಚೀಟಿಗಳು ತಮ್ಮ ಓದುಗರನ್ನು ಇನ್ನೂ ಕಂಡಿಲ್ಲ.

ಇಷ್ಟು ದೀರ್ಘ ಕಾಯುವಿಕೆಯನ್ನು ಆ ಚೀಟಿ ತಾಳಿಕೊಳ್ಳುವುದು ಹೇಗೆ? ಒಂದು ಚೀಟಿಗೆ ಒಂದೇ ಪದ. ಜೊತೆಗೆ ಅದು ಬಂದ ವಾಕ್ಯ, ಗ್ರಂಥದ ಹೆಸರು, ಸ್ಥಳನಿರ್ದೇಶ. ಬಿಡಿಯಾಗಿರುವುದರಿಂದ ಅದನ್ನು ಯಾವ ಕ್ರಮದಲ್ಲಿ ಬೇಕಾದರೂ ಜೋಡಿಸಬಹುದು. ಪ್ರಯೋಗವಾಕ್ಯ ಜೊತೆಗಿರುವುದರಿಂದ ಅರ್ಥವನ್ನು ಸಂಪಾದಕರು ಹೊಸದಾಗಿ ತೂಗಿ ನೋಡಬಹುದು.

ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಮಹಾಭಾರತ ಸಂಪಾದನೆ (1919–1966) ಇನ್ನೂ ಸೂಕ್ಷ್ಮವಾದ ನಿದರ್ಶನ. 1,259 ಹಸ್ತಪ್ರತಿಗಳನ್ನು ಪರಿಶೀಲಿಸಿದ ಈ ಕೆಲಸದಲ್ಲಿ ಪಾಠಾಂತರಗಳನ್ನು ಚೌಕುಳಿ ಹಾಳೆಗಳ ಮೇಲೆ ದಾಖಲಿಸಿದರು. ಮೇಲಿನ ಸಾಲಿನಲ್ಲಿ ಶ್ಲೋಕದ ಒಂದೊಂದು ಅಕ್ಷರಕ್ಕೆ ಒಂದೊಂದು ಮನೆ. ಪ್ರತಿಯಲ್ಲಿ ಭೇದ ಕಂಡರೆ ಅದೇ ಮನೆಯ ನೇರಕ್ಕೆ ಕೆಳಗೆ ಬರೆಯಬೇಕು. ಪದ್ಧತಿ ಒಂದೇ ಆಗಿದ್ದರಿಂದ ಪುಣೆಯಾಚೆ ಶಾಂತಿನಿಕೇತನ, ತಂಜಾವೂರುಗಳಲ್ಲೂ ಪಾಠ ಹೋಲಿಸುವ ಕೆಲಸ ನಡೆಸಲು ಸಾಧ್ಯವಾಯಿತು. 1925ರಿಂದ ಪ್ರಧಾನ ಸಂಪಾದಕರಾಗಿದ್ದ ವಿ. ಎಸ್. ಸುಕಥಣಕರ್ 1943ರಲ್ಲಿ ತೀರಿಕೊಂಡರು. ಎಸ್. ಕೆ. ಬೆಲ್ವಲ್ಕರ್, ಬಳಿಕ ಪಿ. ಎಲ್. ವೈದ್ಯ ಕೆಲಸ ಮುಂದುವರಿಸಿದರು. ಅಂಥ ವಿದ್ವಾಂಸರ ಅಗಲಿಕೆಯನ್ನೂ ದಾಟಿ ಯೋಜನೆ ಮುಗಿದದ್ದರಲ್ಲಿ ಈ ಹಾಳೆಗಳ ಪಾಲು ದೊಡ್ಡದೆಂದೇ ನನ್ನ ಎಣಿಕೆ. ಎಂಟು ಸಂಪುಟಗಳ ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಕೂಡ 1995ರಲ್ಲಿ ಪೂರ್ಣಗೊಂಡದ್ದು ದಶಕಗಳ ಇಂಥದೇ ಸಂಗ್ರಹದ ಬಲದಿಂದ.

ತರಗತಿಯ ಟಿಪ್ಪಣಿಯ ಮಾತು ಬೇರೆ. ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳುವವರು ಉಪನ್ಯಾಸವನ್ನು ಪದಶಃ ಇಳಿಸಿಕೊಳ್ಳುವುದೇ ಹೆಚ್ಚು ಎಂದು ಮನೋವಿಜ್ಞಾನಿಗಳಾದ ಮುಲ್ಲರ್ ಮತ್ತು ಓಪನ್‌ಹೈಮರ್ 2014ರಲ್ಲಿ ತೋರಿಸಿದರು. ಇದರಿಂದ ಗ್ರಹಿಕೆ ಕುಂದುತ್ತದೆಂಬ ಅವರ ತೀರ್ಮಾನಕ್ಕೆ ಮುಂದಿನ ಪ್ರಯೋಗಗಳಲ್ಲಿ ಅಷ್ಟೇ ಬಲವಾದ ಸಮರ್ಥನೆ ಸಿಗಲಿಲ್ಲ. ಹಾಗಿದ್ದರೂ ಪಾಠ ಕೇಳುವಾಗ ಸ್ವಂತ ಮಾತಿನಲ್ಲಿ ಬರೆಯುವುದೇ ಲೇಸು, ಏಕೆಂದರೆ ಅಲ್ಲಿ ಗುರಿ ತಿಳಿವಳಿಕೆ. ಗ್ರಂಥ ಓದುವಾಗ ಮಾತ್ರ ಮೂಲವಾಕ್ಯ, ಪುಟಸಂಖ್ಯೆ, ನಮ್ಮ ಅಭಿಪ್ರಾಯ ಮೂರೂ ಬೇರೆಬೇರೆಯಾಗಿ ಕಾಣಬೇಕು. ಸಭೆಯಲ್ಲಿ ತೀರ್ಮಾನದ ಪಕ್ಕದಲ್ಲೇ ಹೊಣೆ ಹೊತ್ತವರ ಹೆಸರು, ಗಡುವು, ಭಿನ್ನಮತ ಇರಬೇಕು.

ಸಂಶೋಧನಾ ವಿಧಾನ ಕಲಿಸುವ ನಮ್ಮ ವಿಭಾಗಗಳಲ್ಲಿ ಟಿಪ್ಪಣಿಗೂ ಒಂದು ಪರೀಕ್ಷೆ ಇಡಬಹುದು. ಒಬ್ಬ ವಿದ್ಯಾರ್ಥಿಯ ಚೀಟಿಗಳನ್ನು ಇನ್ನೊಬ್ಬರಿಗೆ ಕೊಟ್ಟು, ಅವುಗಳಿಂದಲೇ ಆಧಾರಸಹಿತವಾಗಿ ಒಂದು ಪುಟ ಬರೆಸಬೇಕು. ಬರೆದುಕೊಂಡವರು ಅಷ್ಟು ಹೊತ್ತು ಆ ಕೋಣೆಯಲ್ಲಿ ಇರಬಾರದು.