ಗದ್ದೆಯ ಬದುವಿನಿಂದ ಅಂಗನವಾಡಿಗೆ

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕಕ್ಕೆ ಬಂದ ಮೊದಲ ಯೋಜನೆ ನಮ್ಮ ತಾಲ್ಲೂಕಿನದು, ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದ್ದು. ನೂರು ಅಂಗನವಾಡಿಗಳು ಇಲ್ಲಿ ಬಾಗಿಲು ತೆರೆದವು. ನರಸೀಪುರ ಎಂದರೆ ಜನಕ್ಕೆ ಕಾವೇರಿ, ಕಪಿಲೆಯರ ಸಂಗಮ ನೆನಪಾಗುತ್ತದೆ, ಗುಂಜಾ ನರಸಿಂಹಸ್ವಾಮಿ ನೆನಪಾಗುತ್ತಾನೆ. ರಾಜ್ಯದ ಅಂಗನವಾಡಿಗಳ ತವರೂ ಇದೇ ಎಂಬುದು ತಾಲ್ಲೂಕಿನವರಿಗೇ ಮರೆತುಹೋಗಿದೆ. ಆ ಕೇಂದ್ರಗಳಿಂದಲೇ ಬದುಕು ಕಟ್ಟಿಕೊಂಡ ನಾನು ಅದನ್ನು ಮರೆಯಲಾರೆ.

ಅದಕ್ಕೂ ಮೊದಲು ಕೂಲಿಯವರ ಮನೆಯಲ್ಲಿ ಕೂಸನ್ನು ನೋಡಿಕೊಳ್ಳುತ್ತಿದ್ದವರು ಯಾರು? ಗದ್ದೆಯ ಬದುವಿನ ಹೊಂಗೆ ಮರಕ್ಕೆ ಹಳೇ ಸೀರೆಯ ಜೋಲಿ ಕಟ್ಟಿ ಮಲಗಿಸುತ್ತಿದ್ದರು. ಜೋಲಿ ತೂಗಲು ಮನೆಯ ದೊಡ್ಡ ಹೆಣ್ಣುಮಗು ಇರುತ್ತಿತ್ತು. ನಮ್ಮ ಮನೆಯಲ್ಲಿ ಆ ಮಗು ನಾನು. “ಕೂಸ ಸೊಂಟುಕ್ ಕಟ್ಕಂಡು ನಾಟಿ ಹಾಕಕಾದದಾ? ನೀನ್ ನೋಡ್ಕ” ಎಂದು ಅವ್ವ ತಮ್ಮನನ್ನು ನನ್ನ ಕಂಕುಳಿಗೆ ಕೊಡುತ್ತಿದ್ದಳು. ಅವಳದು ಕಲ್ಲು ಮನಸ್ಸಲ್ಲ. ಒಂದು ದಿನದ ಕೂಲಿ ಬಿಟ್ಟರೆ ರಾತ್ರಿ ಮುದ್ದೆಗೆ ತಾಪತ್ರಯ. ಮಗು ನೋಡಿಕೊಳ್ಳಲು ಬಡವರು ಯಾರಿಗೂ ದುಡ್ಡು ಕೊಡುತ್ತಿರಲಿಲ್ಲ, ನಿಜ. ಅದರ ಬೆಲೆಯನ್ನು ತೆತ್ತದ್ದು ಅಕ್ಕಂದಿರ ಓದು.

ಪುಟ್ಟ ಮಕ್ಕಳಿಗೂ ಶಿಕ್ಷಣ ಬೇಕೆಂಬ ಯೋಚನೆ ದೇಶಕ್ಕೆ ಹೊಸದಾಗಿರಲಿಲ್ಲ. ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದಿದ್ದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಅವರೊಡನೆ ಸೇರಿ 1945ರಿಂದ ಮಹಾರಾಷ್ಟ್ರದ ಬೋರ್ಡಿಯಲ್ಲಿ ಇನ್ನೊಂದು ದೊಡ್ಡ ಹೆಜ್ಜೆ ಇಟ್ಟರು. ಬಡವರ ಮಕ್ಕಳು ಬಾಲವಾಡಿಯವರೆಗೆ ಬರದಿದ್ದಾಗ ಅವರ ಮನೆಯಂಗಳಕ್ಕೇ ಪಾಠವನ್ನು ಒಯ್ದರು. 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅವರ ಮುಂದಾಳತ್ವದಲ್ಲಿ ಹುಟ್ಟಿದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಹಳ್ಳಿಗಳ ಬಾಲವಾಡಿಗಳಿಗೆ ನೆರವು ಕೊಟ್ಟಿತು. ಆದರೂ ಎಲ್ಲ ಹಳ್ಳಿಗೂ ಸರ್ಕಾರವೇ ಹೊಣೆ ಎಂಬ ಮಾತು ಗಟ್ಟಿಯಾದದ್ದು 1974ರ ರಾಷ್ಟ್ರೀಯ ಮಕ್ಕಳ ನೀತಿಯಿಂದ. ಅದರ ಮರುವರ್ಷವೇ ನರಸೀಪುರದ ಸರದಿ ಬಂತು.

ಸುಮಾರು ಸಾವಿರ ಜನಸಂಖ್ಯೆಗೆ ಒಂದು ಕೇಂದ್ರ. ಅಲ್ಲೊಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಕಾಯಿಲೆಯ ಮಗುವನ್ನು ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಎಂಬ ಆರು ಕೆಲಸಗಳು ಆ ಇಬ್ಬರ ಹೆಗಲಿಗೆ. ದಿನಕ್ಕೆ ಒಂದು ಮಗುವಿಗೆ 300 ಕ್ಯಾಲೊರಿ ಆಹಾರ ಎಂದು ಮೊದಲು ಗೊತ್ತುಮಾಡಿದ್ದರು. 2009ರಲ್ಲಿ ಅದು 500ಕ್ಕೆ ಏರಿತು. ಎಷ್ಟೋ ಹಳ್ಳಿಗಳಲ್ಲಿ ಸ್ವಂತ ಕಟ್ಟಡವಿರಲಿಲ್ಲ. ನಮ್ಮೂರಲ್ಲಿ ರಾಮಮಂದಿರದ ಜಗಲಿಯೇ ಕೇಂದ್ರ. ತೊಲೆಗೆ ತೂಗುಹಾಕಿದ ತಕ್ಕಡಿಯಲ್ಲಿ ಮಕ್ಕಳನ್ನು ತೂಗುವಾಗ ಅಜ್ಜಿಯರು ದೃಷ್ಟಿಯಾಗುತ್ತದೆಂದು ಕಿರುಚುತ್ತಿದ್ದರು. ಯಾವ ಕೇರಿಯ ಹೆಂಗಸು ಅಡುಗೆ ಮಾಡಿದಳೆಂದು ಕೇಳಿ ಮಗುವನ್ನು ಹಿಂದಕ್ಕೆ ಕರೆದೊಯ್ದವರೂ ಇದ್ದರು. ಟೀಚರಮ್ಮ ಅವರ ಮನೆಬಾಗಿಲಿಗೆ ಮತ್ತೆ ಮತ್ತೆ ಹೋಗಿ ಕರೆತಂದರು. ಒಂದೇ ಸಾಲಿನಲ್ಲಿ ಕೂತು ಉಂಡ ಮಕ್ಕಳು ಊರಿಗೆ ಕಲಿಸಿದ ಪಾಠ ಯಾವ ಪುಸ್ತಕದಲ್ಲೂ ಇರಲಿಲ್ಲ.

ತಮ್ಮನನ್ನು ಆ ಜಗಲಿಯಲ್ಲಿ ಬಿಟ್ಟು ನಾನು ಪಕ್ಕದ ಪ್ರಾಥಮಿಕ ಶಾಲೆಗೆ ಹೋಗತೊಡಗಿದೆ. ಹಾಗೆ ಓದಿ ಮುಂದೆ ನಾನೂ ಅಂಗನವಾಡಿ ಕಾರ್ಯಕರ್ತೆಯಾದೆ, ಆಮೇಲೆ ಮೇಲ್ವಿಚಾರಕಿಯಾದೆ. ಇದು ನನ್ನೊಬ್ಬಳ ಪುಣ್ಯವಲ್ಲ. ನಾನು ಹೋದ ಹಳ್ಳಿಗಳಲ್ಲೆಲ್ಲ ಕೂಸಿನ ಹೊರೆ ಇಳಿದ ಮೇಲೆ ಸ್ಲೇಟು ಹಿಡಿದ ಅಕ್ಕಂದಿರನ್ನು ಕಂಡಿದ್ದೇನೆ. ಸರ್ಕಾರ ಆ ಮನೆಗಳಿಗೆ ಕೈಯಲ್ಲಿ ಕಾಸು ಕೊಡಲಿಲ್ಲ. ಒಂದು ಹೊತ್ತಿನ ಊಟ ಕೊಟ್ಟಿತು, ಮಗುವಿನ ಮೇಲೆ ಕಣ್ಣಿಡಲು ಒಬ್ಬ ಹೆಂಗಸನ್ನು ಕೊಟ್ಟಿತು, ತಾಯಿಗೆ ಕೆಲವು ಗಂಟೆ ಬಿಡುವು ಕೊಟ್ಟಿತು.

ಕೊರತೆ ಇದ್ದದ್ದೂ ಆ ಗಂಟೆಗಳ ಲೆಕ್ಕದಲ್ಲೇ. ನಾಟಿಯ ಹೆಂಗಸರು ಬಿಸಿಲೇರುವ ಮೊದಲೇ ಕೆಸರಿಗಿಳಿಯುತ್ತಾರೆ. ಅಂಗನವಾಡಿ ತೆರೆಯುವುದು ಆಮೇಲೆ. ಅವರು ಗದ್ದೆಯಿಂದ ಮರಳುವ ಮೊದಲೇ ಅದು ಮುಚ್ಚುತ್ತದೆ. ಮೂರು ವರ್ಷದೊಳಗಿನ ಕೂಸಿಗೆ ಅಲ್ಲಿ ಆಹಾರ ಸಿಕ್ಕಿತು, ಚುಚ್ಚುಮದ್ದು ಸಿಕ್ಕಿತು. ದಿನವಿಡೀ ಇರಲು ಜಾಗ ಸಿಗಲಿಲ್ಲ. ಕಾನೂನಿಗೆ ದುಡಿಯುವ ತಾಯಿ ಕಾಣಲಿಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯ್ದೆ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದಿತು. 1976ರ ತಿದ್ದುಪಡಿ ಆ ಸಂಖ್ಯೆಯನ್ನು 30ಕ್ಕೆ ಇಳಿಸಿತು. 1951ರ ತೋಟ ಕಾರ್ಮಿಕರ ಕಾಯ್ದೆ ಎಸ್ಟೇಟುಗಳಿಗೂ ಇಂಥದೇ ಹೊಣೆ ಹೊರಿಸಿತು. ನರಸೀಪುರದಲ್ಲೇ ರೇಷ್ಮೆಯ ಫಿಲೇಚರ್ ಕಾರ್ಖಾನೆಯಿದೆ. ಗೂಡಿನಿಂದ ನೂಲು ತೆಗೆಯುವ ಕಾರ್ಖಾನೆಯ ಹೆಂಗಸಿಗೆ ಕಾಯ್ದೆಯ ಆಸರೆಯಿತ್ತು. ಅದೇ ಊರಿನಾಚೆ ಭತ್ತ ನೆಟ್ಟವಳಿಗೆ ಇರಲಿಲ್ಲ. ಅವಳ ಗದ್ದೆ ಕಾರ್ಖಾನೆಯಲ್ಲವಲ್ಲ.

2005ರ ಉದ್ಯೋಗ ಖಾತ್ರಿ ಕಾಯ್ದೆ ಆ ಕಡೆಗೆ ಒಂದು ಹೆಜ್ಜೆ ಇಟ್ಟಿತು. ಕಾಮಗಾರಿಯ ಜಾಗಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನೇ ನೇಮಿಸಿ ಕೂಲಿ ಕೊಡಬೇಕೆಂದಿತು. 2023ರಲ್ಲಿ ಕರ್ನಾಟಕ ಸರ್ಕಾರ ನಾಲ್ಕು ಸಾವಿರ ಗ್ರಾಮ ಪಂಚಾಯ್ತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ಜೋಲಿ ಕಟ್ಟಿದ ತಾಯಂದಿರ ಕಷ್ಟಕ್ಕೆ ನೇರವಾಗಿ ಕೊಟ್ಟ ಉತ್ತರ ಅದು, ಬರಲು ಮಾತ್ರ ಅರ್ಧ ಶತಮಾನ ಹಿಡಿಯಿತು.

ಇಷ್ಟೆಲ್ಲವೂ ನಿಂತದ್ದು ಹಳ್ಳಿಯ ಹೆಣ್ಣುಮಕ್ಕಳ ದುಡಿಮೆಯ ಮೇಲೆ. ಶುರುವಿನಲ್ಲಿ ಕಾರ್ಯಕರ್ತೆಗೆ ತಿಂಗಳಿಗೆ ನೂರು ರೂಪಾಯಿ, ಮೆಟ್ರಿಕ್ ಆಗಿದ್ದರೆ ನೂರೈವತ್ತು. ಅದನ್ನು ಸಂಬಳ ಎನ್ನಲಿಲ್ಲ, ಗೌರವಧನ ಎಂದರು. 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನಿಂದ ಎರಡು ತೀರ್ಪು ಬಂದವು. ಕರ್ನಾಟಕದ ಪ್ರಕರಣವೊಂದರಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದು ಹೇಳಿತು. ಅದೇ ತಿಂಗಳು ಇನ್ನೊಂದು ಪ್ರಕರಣದಲ್ಲಿ, ಪ್ರತಿ ಜನವಸತಿಗೂ ಅಂಗನವಾಡಿ ಬೇಕು, 40 ಮಕ್ಕಳಿದ್ದು ಕೇಂದ್ರವಿಲ್ಲದ ಕಡೆ ಜನ ಕೇಳಿದರೆ ತೆರೆಯಬೇಕು ಎಂದು ಆಜ್ಞೆ ಮಾಡಿತು. ಮಕ್ಕಳ ಹಕ್ಕು ಗಟ್ಟಿಯಾಯಿತು, ಆ ಹಕ್ಕನ್ನು ಮನೆಬಾಗಿಲಿಗೆ ಮುಟ್ಟಿಸುವವಳ ಹಕ್ಕು ಹಿಂದೆ ಉಳಿಯಿತು. ಗ್ರ್ಯಾಚುಟಿಗೆ ಅವರೂ ಅರ್ಹರು ಎಂಬ ತೀರ್ಪಿಗೆ 2022ರ ಏಪ್ರಿಲ್‌ವರೆಗೆ ಕಾಯಬೇಕಾಯಿತು.

ಕೆಲಸದಲ್ಲಿದ್ದಷ್ಟು ಕಾಲವೂ ಕಂಡ ಒಂದು ಸತ್ಯವನ್ನು ಹೇಳಿ ಮುಗಿಸುತ್ತೇನೆ. ಪುಟ್ಟ ಮಗುವಿಗಾಗಿ ಮಾಡುವ ಖರ್ಚು ಇಡೀ ಮನೆಯನ್ನು ಎತ್ತಿ ನಿಲ್ಲಿಸುತ್ತದೆ: ತಾಯಿಯ ಕೂಲಿ ಉಳಿಯುತ್ತದೆ, ಅಕ್ಕನ ಓದು ಉಳಿಯುತ್ತದೆ, ಕೂಸಿನ ಮೈಗೆ ಕಸುವು ಬರುತ್ತದೆ. ಆದ್ದರಿಂದ ಅಂಗನವಾಡಿಯೂ ಕೂಸಿನ ಮನೆಯೂ ತಾಯಿಯ ಕೆಲಸದ ವೇಳೆಗೆ ತಕ್ಕಂತೆ ತೆರೆದಿರಲಿ, ಅಲ್ಲಿ ದುಡಿಯುವವಳಿಗೆ ನೌಕರಳ ಸಂಬಳ, ಸ್ಥಾನ ಸಿಗಲಿ. ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಈ ಎರಡು ಮಾತನ್ನು ಎದ್ದುನಿಂತು ಕೇಳಿ.