ಬಿದಿರಿನ ಹುಂಡಿಯಿಂದ ಮಕ್ಕಾವರೆಗೆ

ಮಲಯ ಭಾಷೆಯಲ್ಲಿ ‘ತಾಬುಂಗ್’ ಎಂಬ ಪದವಿದೆ. ಬಿದಿರಿನ ಕೊಳವೆ ಎಂಬುದು ಅದರ ಒಂದು ಅರ್ಥ. ಎರಡು ಗೆಣ್ಣುಗಳ ನಡುವಿನ ಬಿದಿರಿಗೆ ಸಣ್ಣ ಸೀಳು ಮಾಡಿದರೆ ಅದೇ ನಾಣ್ಯ ಕೂಡಿಡುವ ಹುಂಡಿ. ಹೀಗಾಗಿ ಹುಂಡಿಗೂ ತಾಬುಂಗ್ ಎಂಬ ಹೆಸರೇ ಬಂತು. ಮುಂದೆ ನಿಧಿಗೂ ಅದೇ ಹೆಸರಾಯಿತು. ಇಂದು ಮಲೇಷ್ಯದಲ್ಲಿ ‘ತಾಬುಂಗ್ ಹಾಜಿ’ ಎಂದರೆ 90 ಲಕ್ಷಕ್ಕೂ ಹೆಚ್ಚು ಜನ ಹಣ ತೊಡಗಿಸಿರುವ ದೊಡ್ಡ ಸಂಸ್ಥೆ. ಇಷ್ಟು ಜನ ಅಲ್ಲಿ ಹಣ ಕೂಡಿಡುತ್ತಿರುವುದರ ಹಿಂದಿನ ಮೂಲ ಉದ್ದೇಶ ಒಂದೇ: ಬದುಕಿನಲ್ಲಿ ಒಮ್ಮೆ ಸಮುದ್ರ ದಾಟಿ ಮಕ್ಕಾಕ್ಕೆ ಹೋಗಿಬರುವುದು.

ವಿದೇಶ ಪ್ರಯಾಣಕ್ಕಾಗಿ ಹಣ ಕೂಡಿಡುವುದು ಈ ಕಾಲದ ಮಧ್ಯಮ ವರ್ಗದ ಹವ್ಯಾಸವೆಂದು ನಾವು ಭಾವಿಸುತ್ತೇವೆ. ಆದರೆ ವಿಮಾನವೂ ಬ್ಯಾಂಕೂ ಇಲ್ಲದ ಕಾಲದಲ್ಲಿಯೇ ಏಷ್ಯಾದ ಹಳ್ಳಿಗಳ ಲಕ್ಷಾಂತರ ಬಡವರು ಇಂತಹ ಉಳಿತಾಯವನ್ನು ಒಂದು ವ್ರತದಂತೆ ಮಾಡಿಕೊಂಡು ಬಂದಿದ್ದರು. ಅವರ ಉಳಿತಾಯಕ್ಕೆ ಒಂದು ವ್ಯವಸ್ಥೆ ಸಿಕ್ಕಿದ ಬಗೆ ಇಪ್ಪತ್ತನೆಯ ಶತಮಾನದ ಆರ್ಥಿಕ ಇತಿಹಾಸದ ಒಂದು ಸ್ವಾರಸ್ಯಕರ ಅಧ್ಯಾಯ.

ಶಕ್ತಿಯುಳ್ಳವರಿಗೆ ಮಾತ್ರ

ಹಜ್ ಯಾತ್ರೆ ಇಸ್ಲಾಮಿನ ಐದು ಕಡ್ಡಾಯ ಕರ್ತವ್ಯಗಳಲ್ಲಿ ಒಂದು. ಆದರೆ ಈ ಕಡ್ಡಾಯಕ್ಕೆ ಒಂದು ಷರತ್ತುಂಟು. ಅಲ್ಲಿಗೆ ತಲುಪುವ ಶಕ್ತಿ ಯಾರಿಗಿದೆಯೋ ಅವರಿಗೆ ಮಾತ್ರ ಅದು ಕರ್ತವ್ಯ. ಶಕ್ತಿ ಎಂದರೆ ಹಡಗಿನ ಬಾಡಿಗೆಯಷ್ಟೇ ಅಲ್ಲ. ಮರಳಿ ಬರುವವರೆಗೆ ಮನೆಯಲ್ಲಿ ಉಳಿದವರ ಊಟ ಬಟ್ಟೆಗೂ ವ್ಯವಸ್ಥೆ ಆಗಿರಬೇಕೆಂದು ಧರ್ಮಶಾಸ್ತ್ರಜ್ಞರು ಹೇಳುತ್ತಾರೆ. ಆದರೆ ಭಕ್ತಿ ಲೆಕ್ಕಪತ್ರ ನೋಡಿ ಹೊರಡುವುದಿಲ್ಲ. ಕಾಶಿಗೆ ಹೊರಟ ನಮ್ಮ ಹಿಂದಿನವರಂತೆಯೇ ಅಲ್ಲಿಯೂ ಅನೇಕರು ಇದ್ದದ್ದನ್ನೆಲ್ಲ ಕೈಬಿಟ್ಟು ಹೊರಡುತ್ತಿದ್ದರು.

ಈ ಸಮಸ್ಯೆ ವಸಾಹತು ಸರ್ಕಾರಗಳ ಗಮನಕ್ಕೂ ಬಂದಿತ್ತು. ಇಂದಿನ ಇಂಡೊನೇಷ್ಯವನ್ನು ಆಳುತ್ತಿದ್ದ ಡಚ್ಚರು 1825ರಲ್ಲಿ ಪ್ರತಿ ಯಾತ್ರಿಕ 110 ಗಿಲ್ಡರ್ ಕೊಟ್ಟು ರಹದಾರಿ ಪಡೆಯಬೇಕೆಂದು ವಿಧಿಸಿದರು. ಯಾತ್ರಿಕರ ಸಂಖ್ಯೆಯನ್ನು ತಗ್ಗಿಸುವುದು ಅದರ ಉದ್ದೇಶವಾಗಿತ್ತು. ಆ ತೆರಿಗೆ 1852ರಲ್ಲಿ ಹೋಯಿತು. ಆದರೆ 1859ರ ಹೊಸ ಕಾನೂನು ಬೇರೊಂದು ಷರತ್ತನ್ನು ತಂದಿತು: ಹೋಗಿಬರುವ ಖರ್ಚಿಗೂ ಮನೆಯಲ್ಲಿ ಉಳಿದವರ ಜೀವನಕ್ಕೂ ಸಾಕಷ್ಟು ಹಣವಿದೆಯೆಂದು ಸ್ಥಳೀಯ ಅಧಿಕಾರಿಯಿಂದ ಯಾತ್ರಿಕ ಪ್ರಮಾಣಪತ್ರ ತರಬೇಕು. ಆಳುವವರ ಮನಸ್ಸಿನಲ್ಲಿ ಯಾತ್ರಿಕರ ಬಗೆಗೆ ಕಾಳಜಿಗಿಂತ ಅನುಮಾನವೇ ಹೆಚ್ಚಾಗಿತ್ತು. ಆದರೂ ಆ ನಿಯಮ ಬೆರಳು ಮಾಡಿ ತೋರಿಸಿದ ಸಮಸ್ಯೆ ಮಾತ್ರ ನಿಜವಾದದ್ದೇ.

ಅದಕ್ಕೆ ಸಾಕ್ಷಿ ಸಿಂಗಪುರದ ಬಂದರಿನಲ್ಲಿತ್ತು. ಜಾವಾ, ಸುಮಾತ್ರಾಗಳಿಂದ ಬಂದವರಲ್ಲಿ ಕೆಲವರ ಹಣ ಅಲ್ಲಿಗೇ ಮುಗಿದುಹೋಗುತ್ತಿತ್ತು. ಮುಂದೆ ಹೋಗಲಾರದೆ, ಹಿಂದೆ ಹೋಗಲು ಮುಖವಿಲ್ಲದೆ ಅಲ್ಲಿಯೇ ನಿಂತವರಿಗೆ ಜನ ‘ಹಾಜಿ ಸಿಂಗಪುರ’ ಎಂದು ಅಡ್ಡಹೆಸರಿಟ್ಟರು. ಹಾಸ್ಯದ ಹೆಸರು, ಒಳಗಿರುವುದು ಮಾತ್ರ ದುಃಖ. ಇನ್ನು ಕೆಲವರು ಹಡಗಿನ ಬಾಡಿಗೆಗಾಗಿ ಸಾಲ ಮಾಡಿ, ಅದನ್ನು ತೀರಿಸಲು ತೋಟಗಳಲ್ಲಿ ಕೂಲಿ ಮಾಡುವ ಕರಾರಿಗೆ ಸಹಿ ಹಾಕುತ್ತಿದ್ದರು.

ನಮ್ಮ ದೇಶದ ಯಾತ್ರಿಕರ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಮುಂಬಯಿಯಿಂದ ಹೊರಟ ಅನೇಕರು ಮರಳುವ ಹಣವಿಲ್ಲದೆ ಜಿದ್ದಾದಲ್ಲಿ ಸಿಕ್ಕಿಬೀಳುತ್ತಿದ್ದರು. ಇದಕ್ಕೆ ಪರಿಹಾರ ಹುಡುಕಿದ ಬ್ರಿಟಿಷ್ ಭಾರತ ಸರ್ಕಾರ 1886ರಲ್ಲಿ ಇಂಗ್ಲೆಂಡಿನ ಥಾಮಸ್ ಕುಕ್ ಪ್ರವಾಸ ಸಂಸ್ಥೆಯನ್ನು ಹಜ್ ಯಾತ್ರಿಕರ ಅಧಿಕೃತ ಏಜೆಂಟನ್ನಾಗಿ ನೇಮಿಸಿತು. ಯೂರೋಪಿನ ಸಿರಿವಂತರನ್ನು ನೈಲ್ ನದಿಯ ವಿಹಾರಕ್ಕೆ ಕರೆದೊಯ್ಯುತ್ತಿದ್ದ ಸಂಸ್ಥೆ ಅದು. ಆದರೆ ಯಾತ್ರಿಕರ ಬಡತನ ಟಿಕೆಟ್ಟಿನ ವ್ಯವಸ್ಥೆಯಿಂದ ತೀರುವಂತಹುದಾಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಏರ್ಪಾಟು ಕೊನೆಗೊಂಡಿತು.

ಅರ್ಥಶಾಸ್ತ್ರಜ್ಞನ ಕಣ್ಣು

ಮಲಯ ದೇಶ 1957ರಲ್ಲಿ ಸ್ವತಂತ್ರವಾಯಿತು. ಆಗ ಮಲಯ ವಿಶ್ವವಿದ್ಯಾಲಯದಲ್ಲಿ ಉಂಗ್ಕು ಅಬ್ದುಲ್ ಅಜೀಜ್ ಎಂಬ ಅರ್ಥಶಾಸ್ತ್ರಜ್ಞರಿದ್ದರು. ಹಳ್ಳಿಗಳ ಬಡತನ ಅವರ ಅಧ್ಯಯನದ ವಿಷಯ. ಹಜ್ ಯಾತ್ರೆಯನ್ನು ಅವರು ಹಳ್ಳಿಯ ಸಂಸಾರದ ಜಮಾಖರ್ಚಿನ ಕಡೆಯಿಂದ ನೋಡಿದರು.

ಅಲ್ಲಿ ಅವರಿಗೆ ಕಂಡದ್ದು ಇಷ್ಟು. ಭತ್ತದ ಗದ್ದೆಯ ಅಥವಾ ನಾಲ್ಕಾರು ರಬ್ಬರ್ ಮರಗಳ ಒಡೆಯನಾದ ರೈತ ಹೊಟ್ಟೆ ಬಟ್ಟೆ ಕಟ್ಟಿ ಹತ್ತಾರು ವರ್ಷ ಹಣ ಕೂಡಿಡುತ್ತಾನೆ. ಬ್ಯಾಂಕಿಗೆ ಮಾತ್ರ ಹೋಗುವುದಿಲ್ಲ. ಬ್ಯಾಂಕು ಬಡ್ಡಿ ಕೊಡುತ್ತದೆ, ಬಡ್ಡಿ ಧರ್ಮಕ್ಕೆ ನಿಷಿದ್ಧ. ನಿಷಿದ್ಧ ಹಣ ಸೇರಿದರೆ ಯಾತ್ರೆಯೇ ಮೈಲಿಗೆಯಾದೀತೆಂಬ ಅಂಜಿಕೆ. ಹಾಗಾಗಿ ಹಣ ಹಾಸಿಗೆಯ ಕೆಳಗೆ, ಮಡಕೆಯೊಳಗೆ, ನೆಲದಡಿಯಲ್ಲಿ ಸೇರುತ್ತದೆ. ಅಲ್ಲಿ ಅದು ಬೆಳೆಯುವುದಿಲ್ಲ. ಬೆಲೆ ಏರಿದಂತೆ ಅದರ ಮೌಲ್ಯ ಕರಗುತ್ತದೆ. ಕಳ್ಳರ ಭಯ, ಬೆಂಕಿಯ ಭಯ ಬೇರೆ. ಕೊನೆಗೆ ಹೊರಡುವ ಕಾಲಕ್ಕೆ ಗಂಟು ಸಾಲದೆ ಬರುತ್ತದೆ. ಆಗ ಗದ್ದೆ ಮಾರಬೇಕು, ದನ ಮಾರಬೇಕು. ಹಾಜಿ ಎಂಬ ಗೌರವದೊಂದಿಗೆ ಊರಿಗೆ ಮರಳುವ ಹೊತ್ತಿಗೆ ಬದುಕಿನ ಆಧಾರವೇ ಹೋಗಿರುತ್ತದೆ.

ಅಂದರೆ ನಷ್ಟ ಎರಡು ಬಗೆಯದು. ಕೂಡಿಟ್ಟಷ್ಟು ಕಾಲ ಹಣ ನಿರುಪಯೋಗಿ. ಖರ್ಚಾದ ಮೇಲೆ ಮನುಷ್ಯ ನಿರ್ಗತಿಕ. ಅಜೀಜರು 1959ರಲ್ಲಿ ಸರ್ಕಾರಕ್ಕೆ ಒಂದು ಯೋಜನೆಯನ್ನು ಬರೆದುಕೊಟ್ಟರು. ಯಾತ್ರಿಕರಾಗಲಿರುವವರ ಆರ್ಥಿಕ ಸ್ಥಿತಿಯನ್ನು ಸುಧಾರಿಸುವ ಯೋಜನೆ ಎಂಬುದು ಅದರ ಶೀರ್ಷಿಕೆಯ ಭಾವಾರ್ಥ. ಬಡವರ ಉಳಿತಾಯವನ್ನೆಲ್ಲ ಒಂದು ನಿಧಿಯಲ್ಲಿ ಸೇರಿಸಿ, ಧರ್ಮ ಒಪ್ಪುವ ಉದ್ಯಮಗಳಲ್ಲಿ ತೊಡಗಿಸಿ, ಬಂದ ಲಾಭವನ್ನು ಹಂಚಬೇಕೆಂದು ಅದರಲ್ಲಿ ಅವರು ಸೂಚಿಸಿದ್ದರು. ಬಡ್ಡಿ ಮೊದಲೇ ಗೊತ್ತಾದ ದರ. ಲಾಭ ವ್ಯಾಪಾರದ ಫಲ. ಈ ವ್ಯತ್ಯಾಸದ ಮೇಲೆ ಇಡೀ ಯೋಜನೆ ನಿಂತಿತ್ತು.

ಅದೇ 1959ರಲ್ಲಿ ಭಾರತದಲ್ಲಿಯೂ ಹಜ್ ಮತ್ತು ಹಣದ ಪ್ರಶ್ನೆ ಎದ್ದಿತ್ತು, ಬೇರೊಂದು ಕಾರಣಕ್ಕೆ. ನಮ್ಮ ರೂಪಾಯಿ ಆಗ ಕೊಲ್ಲಿ ಪ್ರದೇಶಗಳಲ್ಲಿಯೂ ಚಲಾವಣೆಯಲ್ಲಿತ್ತು. ಚಿನ್ನದ ಕಳ್ಳಸಾಗಣೆಯಿಂದಾಗಿ ವಿದೇಶಿ ವಿನಿಮಯ ಸೋರಿಹೋಗುತ್ತಿತ್ತು. ರಿಸರ್ವ್ ಬ್ಯಾಂಕು ಕೊಲ್ಲಿಗೆ ಬೇರೆ ರೂಪಾಯಿಯನ್ನು ತಂದಿತು. ಯಾತ್ರಿಕರಿಗಾಗಿ ಹತ್ತು ಮತ್ತು ನೂರು ರೂಪಾಯಿಯ ವಿಶೇಷ ‘ಹಜ್ ನೋಟು’ಗಳನ್ನು ಅಚ್ಚು ಹಾಕಿಸಿತು. ಅವುಗಳ ಸಂಖ್ಯೆಯ ಮುಂದೆ ‘ಎಚ್‌ಎ’ ಎಂಬ ಗುರುತಿರುತ್ತಿತ್ತು. ಭಾರತ ಯೋಚಿಸಿದ್ದು ದೇಶದ ಬೊಕ್ಕಸವನ್ನು ಕಾಯುವ ಬಗೆಗೆ. ಅಜೀಜರು ಯೋಚಿಸಿದ್ದು ರೈತನ ಗದ್ದೆಯನ್ನು ಉಳಿಸುವ ಬಗೆಗೆ.

ಹನಿಗೂಡಿ ಹಳ್ಳ

ಯೋಜನೆಗೆ ಧಾರ್ಮಿಕ ಮನ್ನಣೆ ಅತ್ಯಗತ್ಯವಾಗಿತ್ತು. ಕೈರೋದ ಪ್ರಸಿದ್ಧ ಅಲ್ ಅಜರ್ ವಿದ್ಯಾಪೀಠದ ಅಂದಿನ ಮುಖ್ಯಸ್ಥ ಮಹಮೂದ್ ಶಲ್ತೂತ್ ಮಲಯಕ್ಕೆ ಭೇಟಿ ನೀಡಿದಾಗ ಇದಕ್ಕೆ ಒಪ್ಪಿಗೆ ಸೂಚಿಸಿದರು. 1962ರಲ್ಲಿ ಕಾನೂನು ಬಂತು. ಯಾತ್ರಿಕರ ಉಳಿತಾಯ ನಿಗಮ 1963ರ ಸೆಪ್ಟೆಂಬರ್ 30ರಂದು ಕೆಲಸ ಆರಂಭಿಸಿತು. ಮಲೇಷ್ಯ ಒಕ್ಕೂಟ ಹುಟ್ಟಿ ಆಗಿನ್ನೂ ಎರಡು ವಾರ. ಮೊದಲಿಗೆ ಸೇರಿದವರು 1,281 ಜನ. ಅವರು ಕಟ್ಟಿದ ಒಟ್ಟು ಹಣ 46,600 ರಿಂಗಿಟ್.

ಅಂಚೆ ಕಚೇರಿಯಲ್ಲಿ ಹಣ ಕಟ್ಟಬಹುದಿತ್ತು. ನೌಕರರು ಸಂಬಳದಿಂದಲೇ ಮುರಿದುಕೊಡುವ ಏರ್ಪಾಟೂ ಬಂತು. ಸಣ್ಣ ಉಳಿತಾಯದ ಈ ದಾರಿ ಕನ್ನಡಿಗರಿಗೆ ಅಪರಿಚಿತವಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿಯೇ ಪಿಗ್ಮಿ ಠೇವಣಿ ಆರಂಭಿಸಿ, ಮನೆಮನೆಗೆ ಏಜೆಂಟರನ್ನು ಕಳಿಸಿ ದಿನಕ್ಕೆ ಎರಡಾಣೆಯನ್ನೂ ಸಂಗ್ರಹಿಸಿತ್ತು. ಹನಿಹನಿಗೂಡಿದರೆ ಹಳ್ಳ ಎಂಬ ಗಾದೆ ಎರಡೂ ಕಡೆ ನಿಜವಾಯಿತು.

ಯಾತ್ರೆಯ ಏರ್ಪಾಟು ನೋಡಿಕೊಳ್ಳುವ ಸರ್ಕಾರಿ ಕಚೇರಿ ಪೆನಾಂಗಿನಲ್ಲಿ ಪ್ರತ್ಯೇಕವಾಗಿತ್ತು. ಹಡಗು ಹತ್ತುವ ಯಾತ್ರಿಕರು ವಾರಗಟ್ಟಲೆ ತಂಗುತ್ತಿದ್ದ ಬಂದರು ಅದು. ಅಲ್ಲಿನ ಆಚೆ ಬೀದಿ ಯಾತ್ರೆಯ ದಲ್ಲಾಳಿಗಳ, ಸಾಮಾನು ಅಂಗಡಿಗಳ ನೆಲೆ. 1969ರಲ್ಲಿ ಆ ಕಚೇರಿಯನ್ನೂ ಉಳಿತಾಯ ನಿಗಮವನ್ನೂ ಕೂಡಿಸಲಾಯಿತು. ಹಣ ಕೂಡಿಡುವುದು, ಅದನ್ನು ಬೆಳೆಸುವುದು, ಯಾತ್ರಿಕನನ್ನು ಕರೆದೊಯ್ದು ಮರಳಿ ತರುವುದು ಹೀಗೆ ಒಂದೇ ಸಂಸ್ಥೆಯ ಹೊಣೆಯಾಯಿತು. ತಾಳೆಎಣ್ಣೆ ತೋಟ, ಕಟ್ಟಡ, ಷೇರುಗಳಲ್ಲಿ ಹಣ ತೊಡಗಿತು. ಕ್ವಾಲಾಲಂಪುರದಲ್ಲಿ 1980ರ ದಶಕದಲ್ಲಿ ಎದ್ದ ಸಂಸ್ಥೆಯ ಗೋಪುರವನ್ನು ಇಸ್ಲಾಮಿನ ಐದು ಕರ್ತವ್ಯಗಳ ಸಂಕೇತವಾಗಿ ಐದು ಕಂಬಗಳು ಹೊತ್ತಿವೆ.

ಯಾತ್ರಿಕನಿಗೆ ಆದ ಲಾಭ ಕಣ್ಣಿಗೆ ಕಾಣುವಂತಹುದು. 2009ರಿಂದ 2019ರವರೆಗೆ ಮೊದಲ ಬಾರಿ ಸಂಸ್ಥೆಯ ಮೂಲಕ ಹೋಗುವವರು ಕಟ್ಟಬೇಕಾಗಿದ್ದ ಹಣ 9,980 ರಿಂಗಿಟ್‌ನಲ್ಲಿಯೇ ನಿಂತಿತ್ತು. ನಿಜವಾದ ಖರ್ಚು ಅದರ ಎರಡರಷ್ಟನ್ನು ದಾಟಿದಾಗಲೂ ವ್ಯತ್ಯಾಸವನ್ನು ನಿಧಿಯೇ ಭರಿಸಿತು. ಗದ್ದೆ ಮಾರಿ ಹೊರಡುವ ಅಗತ್ಯ ಇಲ್ಲವಾಯಿತು.

ನಂಬಿಕೆಯ ಪರೀಕ್ಷೆ

ಆದರೆ ಹುಂಡಿ ದೊಡ್ಡದಾದಂತೆ ಕೈಹಾಕುವವರ ಆಸೆಯೂ, ಅದನ್ನು ನಡೆಸುವ ಹೊಣೆಯೂ ದೊಡ್ಡದಾಗುತ್ತದೆ. 2018ರಲ್ಲಿ ಲೆಕ್ಕ ಪರಿಶೀಲಿಸಿದಾಗ ಹಿಂದಿನ ವರ್ಷದ ಕೊನೆಗೆ ಸಂಸ್ಥೆಯ ಆಸ್ತಿ ಅದರ ಹೊಣೆಗಾರಿಕೆಗಿಂತ 410 ಕೋಟಿ ರಿಂಗಿಟ್‌ನಷ್ಟು ಕಡಿಮೆಯೆಂದು ಹೊರಬಿತ್ತು. ಆಸ್ತಿ ಕಡಿಮೆಯಿದ್ದಾಗ ಲಾಭಾಂಶ ಹಂಚುವಂತಿಲ್ಲ ಎನ್ನುತ್ತದೆ ಕಾನೂನು. ಹಂಚಿಕೆ ಮಾತ್ರ ನಡೆದಿತ್ತು. ಸರ್ಕಾರ ನಷ್ಟದ ಹೂಡಿಕೆಗಳನ್ನು ಬೇರೆ ಸಂಸ್ಥೆಗೆ ವರ್ಗಾಯಿಸಿ ನಿಧಿಯನ್ನು ಉಳಿಸಿತು. ಆ ವರ್ಷದ ಲಾಭಾಂಶ ಶೇಕಡ 1.25ಕ್ಕೆ ಕುಸಿಯಿತು. 2022ರಲ್ಲಿ ವಿಚಾರಣಾ ಆಯೋಗವೊಂದು ನೇಮಕವಾಯಿತು. ಠೇವಣಿಗಳಿಗೆ ಸರ್ಕಾರದ ಖಾತರಿ ಇದ್ದುದರಿಂದ ಜನರ ಅಸಲು ಉಳಿಯಿತು. ಆದರೂ ಬಡವನ ಹುಂಡಿಗೆ ಕಳ್ಳರ, ಬೆಂಕಿಯ ಭಯದ ಜಾಗದಲ್ಲಿ ಆಡಳಿತದ ಭಯ ಬಂದಂತಾಯಿತು.

ಎರಡನೆಯ ತೊಡಕು ಗೆಲುವಿನಿಂದಲೇ ಹುಟ್ಟಿದ್ದು. ಪ್ರತಿ ದೇಶದ ಮುಸ್ಲಿಂ ಜನಸಂಖ್ಯೆಯಲ್ಲಿ ಸಾವಿರಕ್ಕೆ ಒಬ್ಬರಂತೆ ಯಾತ್ರಿಕರಿಗೆ ಅವಕಾಶವೆಂಬ ನಿಯಮ 1980ರ ದಶಕದ ಕೊನೆಯಲ್ಲಿ ಬಂತು. ಮಲೇಷ್ಯದ ಪಾಲಿಗೆ ಇತ್ತೀಚಿನ ವರ್ಷಗಳಲ್ಲಿ ಸಿಕ್ಕಿದ್ದು 31,600 ಸ್ಥಾನ. 1,300 ರಿಂಗಿಟ್ ಇದ್ದರೆ ಯಾರು ಬೇಕಾದರೂ ಸರದಿಗೆ ಹೆಸರು ಬರೆಸಬಹುದು. ಪರಿಣಾಮವಾಗಿ ಹೊಸದಾಗಿ ಬರೆಸುವವರ ಸರದಿ ನೂರು ವರ್ಷವನ್ನೂ ಮೀರಿ ಹೋಗಿದೆ. ಹಿಂದೆ ಆಯುಷ್ಯವಿತ್ತು, ಹಣವಿರಲಿಲ್ಲ. ಈಗ ಹಣ ಕೂಡುತ್ತದೆ, ಆಯುಷ್ಯ ಸಾಲದು. ತಂದೆತಾಯಿಗಳು ಎಳೆಯ ಮಕ್ಕಳ ಹೆಸರಿನಲ್ಲಿಯೇ ಖಾತೆ ತೆರೆಯುವುದರಲ್ಲಿ ಆಶ್ಚರ್ಯವಿಲ್ಲ.

ಉಂಗ್ಕು ಅಜೀಜರು 2020ರಲ್ಲಿ, 98ರ ಇಳಿವಯಸ್ಸಿನಲ್ಲಿ ತೀರಿಕೊಂಡರು. ದೂರದ ಪ್ರಯಾಣದ ಸಿದ್ಧತೆಯೆಂದರೆ ಹೋಗುವ ಖರ್ಚನ್ನು ಹೊಂದಿಸುವುದೆಂದೇ ಅವರಿಗೆ ಮುಂಚಿನ ಅನೇಕರು ತಿಳಿದಿದ್ದರು. ಮರಳಿ ಬಂದ ಮೇಲೂ ಮನೆ, ಗದ್ದೆ, ಎತ್ತು ತಮ್ಮವಾಗಿಯೇ ಇರಬೇಕೆಂಬುದನ್ನು ಅವರು ಲೆಕ್ಕಕ್ಕೆ ಸೇರಿಸಿದರು. ತಾಬುಂಗಿನ ಬಿದಿರು ಕಾಲಕಾಲಕ್ಕೆ ಬಿರುಕು ಬಿಟ್ಟಿರಬಹುದು, ದುರಸ್ತಿಯೂ ಆಗಿರಬಹುದು. ಅದನ್ನು ಕೊರೆದವನ ಆ ಲೆಕ್ಕ ಮಾತ್ರ ತಪ್ಪಲಿಲ್ಲ.